ಶಕ್ತಿಯ ಪಾಠ: ರೂಪಕ ಮುರಿಯುವ ಜಾಗ



‘ಕೆಲಸ ಮಾಡುವ ಸಾಮರ್ಥ್ಯವೇ ಶಕ್ತಿ.’ ಹೈಸ್ಕೂಲು ದಾಟಿದ ಯಾರನ್ನು ಕೇಳಿದರೂ ಈ ವಾಕ್ಯ ತಡವರಿಸದೆ ಬರುತ್ತದೆ. ಒಂದು ಅಂಕದ ಪ್ರಶ್ನೆಗೆ ಇದಕ್ಕಿಂತ ಸಲೀಸಾದ ಉತ್ತರ ಇನ್ನೊಂದಿಲ್ಲ. ನನ್ನ ತಕರಾರು ಶುರುವಾಗುವುದೇ ಇಲ್ಲಿಂದ. ಇದು ವ್ಯಾಖ್ಯೆಯ ವೇಷ ತೊಟ್ಟ ರೂಪಕ. ಸಾಮರ್ಥ್ಯ ಎನ್ನುವುದು ಆಳಿಗೋ ಎತ್ತಿಗೋ ಇರುವ ಗುಣ. ಅದನ್ನು ಕಲ್ಲಿಗೆ, ಸ್ಪ್ರಿಂಗಿಗೆ, ಬ್ಯಾಟರಿಗೆ ಆರೋಪಿಸಿದ್ದೇವೆ. ಆರೋಪಿಸಿದ್ದರಲ್ಲಿ ತಪ್ಪೇನಿಲ್ಲ, ಆದರೆ ಪುಸ್ತಕದ ಮುಂದಿನ ಅಧ್ಯಾಯಕ್ಕೆ ಹೋಗುತ್ತಿದ್ದಂತೆ ಅದು ಎಡವುತ್ತದೆ. ಅರಬ್ಬಿ ಸಮುದ್ರದ ನೀರಿನಲ್ಲಿ ಊಹೆಗೆ ನಿಲುಕದಷ್ಟು ಉಷ್ಣಶಕ್ತಿ ಇದೆ. ಸುತ್ತಲಿರುವುದೆಲ್ಲ ಅದೇ ತಾಪಮಾನದಲ್ಲಿದ್ದರೆ ಆ ಶಕ್ತಿಯಿಂದ ಒಂದು ಹುಲ್ಲುಕಡ್ಡಿಯನ್ನೂ ಎತ್ತಿಸಲಾಗದು. ಶಕ್ತಿ ಉಂಟು, ಕೆಲಸ ಮಾಡುವ ಸಾಮರ್ಥ್ಯ ಇಲ್ಲ! ಅಮೆರಿಕದ ರಾಬರ್ಟ್ ಲೆರ್ಮನ್ ಈ ವ್ಯಾಖ್ಯೆ ಸಲ್ಲದೆಂದು 1973ರಲ್ಲೇ ಭೌತಶಾಸ್ತ್ರ ಶಿಕ್ಷಕರ ಪತ್ರಿಕೆಯೊಂದರಲ್ಲಿ ಬರೆದರು. ಅರ್ಧ ಶತಮಾನ ಕಳೆದಿದೆ, ವಾಕ್ಯ ಇನ್ನೂ ಗಟ್ಟಿಯಾಗಿ ಕೂತಿದೆ.

ಹಾಗಾದರೆ ರೂಪಕವೇ ಬೇಡ, ನೇರವಾಗಿ ಹೇಳಿಬಿಡೋಣ ಎನ್ನುವವರಿದ್ದಾರೆ. ಅದು ಆಗದ ಮಾತು. ಶಕ್ತಿಯನ್ನು ಯಾರೂ ಕಂಡಿಲ್ಲ. ನಾವು ಅಳೆಯುವುದು ವೇಗವನ್ನು, ಎತ್ತರವನ್ನು, ತಾಪಮಾನವನ್ನು. ಅಳೆದುದನ್ನು ಸೂತ್ರಕ್ಕೆ ಹಾಕಿ ಸಂಖ್ಯೆಗಳನ್ನು ಪಡೆಯುತ್ತೇವೆ, ಆ ಸಂಖ್ಯೆಗಳ ಮೊತ್ತ ಬದಲಾಗುವುದಿಲ್ಲ. ಇಷ್ಟೇ ವಿಷಯ. ಆದರೆ ಒಂಬತ್ತನೇ ತರಗತಿಯ ಹುಡುಗನ ಮುಂದೆ ನಿಂತು ‘ಶಕ್ತಿ ಎಂದರೆ ಬದಲಾಗದ ಒಂದು ಸಂಖ್ಯೆ’ ಎಂದರೆ ಅವನ ಮುಖದಲ್ಲಿ ಏನು ಕಾಣುತ್ತದೆಂದು ನಿಮಗೆ ಗೊತ್ತು. ಆಗ ನಾವೇ ಶಕ್ತಿ ಹರಿಯುತ್ತದೆ ಎನ್ನುತ್ತೇವೆ, ಸಂಗ್ರಹವಾಗುತ್ತದೆ ಎನ್ನುತ್ತೇವೆ, ಸೋರುತ್ತದೆ, ವೆಚ್ಚವಾಗುತ್ತದೆ, ರೂಪ ಬದಲಿಸುತ್ತದೆ ಎನ್ನುತ್ತೇವೆ. ಇವೆಲ್ಲ ನೀರಿನಿಂದ, ದವಸದಿಂದ, ದುಡ್ಡಿನಿಂದ ಕಡ ತಂದ ಕ್ರಿಯಾಪದಗಳು. ವಿಜ್ಞಾನಿಗಳ ಲೇಖನಗಳಲ್ಲೂ ಇವೇ ಇವೆ.

ಈ ಸಂಗತಿಯನ್ನು ಪರೀಕ್ಷಿಸುವ ಸಾಧನ ನಮ್ಮ ಮಕ್ಕಳ ಚೀಲದಲ್ಲೇ ಇದೆ. ಅದೇ ತರಗತಿಯ ಕನ್ನಡ ಪಾಠದಲ್ಲಿ ಅವರು ಅಲಂಕಾರ ಕಲಿಯುತ್ತಾರೆ. ಉಪಮೆಗೆ ನಾಲ್ಕು ಅಂಗಗಳು: ಉಪಮೇಯ, ಉಪಮಾನ, ವಾಚಕಪದ, ಸಮಾನಧರ್ಮ. ‘ಅಂತೆ’ ಎಂಬ ವಾಚಕಪದ ಬಿದ್ದುಹೋಗಿ, ಎರಡೂ ಒಂದೇ ಎಂದು ಹೇಳಿದರೆ ಅದು ರೂಪಕ. ‘ಶಕ್ತಿ ನೀರಿನಂತೆ ಹರಿಯುತ್ತದೆ’ ಎನ್ನುವುದು ಉಪಮೆ, ‘ಶಕ್ತಿ ಹರಿಯುತ್ತದೆ’ ಎನ್ನುವುದು ರೂಪಕ. ಮೊದಲನೆಯದರಲ್ಲಿ ಹೋಲಿಕೆ ನಡೆದಿದೆ ಎಂಬ ಎಚ್ಚರ ಉಳಿದಿರುತ್ತದೆ, ಎರಡನೆಯದರಲ್ಲಿ ಅದು ಕರಗಿರುತ್ತದೆ. ಕನ್ನಡ ಮೇಷ್ಟ್ರು ಸಮಾನಧರ್ಮ ಯಾವುದು ಎಂದು ಕೇಳಿಯೇ ಕೇಳುತ್ತಾರೆ. ವಿಜ್ಞಾನದ ಮೇಷ್ಟ್ರು ಕೇಳುವುದಿಲ್ಲ. ಕೇಳಬೇಕು, ಒಂದು ಹೆಜ್ಜೆ ಮುಂದೆ ಹೋಗಿ ಸಮಾನವಲ್ಲದ ಧರ್ಮ ಯಾವುದೆಂದೂ ಕೇಳಬೇಕು, ಶಕ್ತಿಯ ಪಾಠದ ತಿರುಳು ಆ ಎರಡನೆಯ ಪ್ರಶ್ನೆಯಲ್ಲೇ ಇದೆ ಎಂಬುದು ಇವತ್ತಿನ ನನ್ನ ವಾದ. ಈ ವಿಷಯದ ಚರಿತ್ರೆಯೇ ಇದಕ್ಕೆ ಸಾಕ್ಷಿ.

1789ರಲ್ಲಿ ಪ್ಯಾರಿಸಿನ ಲವಾಸಿಯೇ ತನ್ನ ರಸಾಯನಶಾಸ್ತ್ರದ ಪುಸ್ತಕದಲ್ಲಿ ಮೂಲವಸ್ತುಗಳ ಪಟ್ಟಿ ಕೊಟ್ಟ. ಆಮ್ಲಜನಕ, ಜಲಜನಕಗಳ ಜೊತೆಗೆ ಆ ಪಟ್ಟಿಯಲ್ಲಿ ‘ಕೆಲೊರಿಕ್’ ಎಂಬ ಹೆಸರೂ ಇತ್ತು. ಉಷ್ಣವೆಂದರೆ ತೂಕವಿಲ್ಲದ, ಕಣ್ಣಿಗೆ ಬೀಳದ ಒಂದು ದ್ರವ, ಅದು ಬಿಸಿ ವಸ್ತುವಿನಿಂದ ತಣ್ಣನೆಯ ವಸ್ತುವಿಗೆ ಹರಿಯುತ್ತದೆ ಎಂದು ಆಗಿನ ನಂಬಿಕೆ. ಈಗ ನಾವು ನಗುತ್ತೇವೆ. ಆದರೆ ಇವತ್ತಿಗೂ ‘ಉಷ್ಣ ಹರಿಯುತ್ತದೆ’ ಎನ್ನುವವರು ನಾವೇ. ಬಿಸಿನೀರು ತಣ್ಣೀರು ಬೆರೆಸಿದಾಗ ಕೊನೆಯ ತಾಪಮಾನ ಎಷ್ಟು ಎಂಬ ಲೆಕ್ಕವನ್ನು ಇವತ್ತಿಗೂ ಕೆಲೊರಿಕ್‌ನ ತರ್ಕದಲ್ಲೇ ಮಾಡಿಸುತ್ತೇವೆ, ಉತ್ತರ ಸರಿಯಾಗಿಯೇ ಬರುತ್ತದೆ.

1798ರಲ್ಲಿ ಕೌಂಟ್ ರಂಫರ್ಡ್ ಈ ದ್ರವಕ್ಕೆ ಮೊದಲ ಪೆಟ್ಟು ಕೊಟ್ಟ. ಮ್ಯೂನಿಕ್‌ನ ಶಸ್ತ್ರಾಗಾರದಲ್ಲಿ ಕುದುರೆ ಕಟ್ಟಿ ಫಿರಂಗಿಯ ನಳಿಗೆ ಕೊರೆಸುತ್ತಿದ್ದವನಿಗೆ, ಮೊಂಡು ಕೊರೆಯುಳಿ ತಿರುಗುತ್ತಿರುವಷ್ಟು ಹೊತ್ತೂ ಬಿಸಿ ಬರುತ್ತಲೇ ಇರುವುದು ಕಂಡಿತು. ಎರಡೂವರೆ ಗಂಟೆಯಲ್ಲಿ ಸುತ್ತಲಿನ ನೀರು ಕುದಿಯಿತು. ಲೋಹದೊಳಗಿನ ದ್ರವ ಹೊರಬರುತ್ತಿದ್ದರೆ ಎಂದಾದರೂ ಅದು ಮುಗಿಯಬೇಕಲ್ಲ? ಮುಗಿಯಲಿಲ್ಲ.

ಆದರೆ ನನಗೆ ಹೆಚ್ಚು ಕುತೂಹಲ ಹುಟ್ಟಿಸುವವನು ಸಾದಿ ಕಾರ್ನೊ. ರಂಫರ್ಡ್ ಪೆಟ್ಟು ಕೊಟ್ಟು ಕಾಲು ಶತಮಾನವಾದ ಮೇಲೆ, 1824ರಲ್ಲಿ, ಇನ್ನೂ ಮೂವತ್ತು ತುಂಬದ ಈ ಫ್ರೆಂಚ್ ಎಂಜಿನಿಯರು ಉಗಿಯಂತ್ರದ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದ. ಅದರ ನಡುವೆ ನಿಂತಿದ್ದದ್ದು ಜಲಪಾತದ ಹೋಲಿಕೆ. ನೀರು ಎತ್ತರದಿಂದ ತಗ್ಗಿಗೆ ಬೀಳುವಾಗ ಗಾಲಿ ತಿರುಗಿಸುತ್ತದೆ. ಎಷ್ಟು ಕೆಲಸ ಸಿಗುತ್ತದೆ ಎನ್ನುವುದು ನೀರಿನ ಪ್ರಮಾಣವನ್ನೂ ಬೀಳುವ ಎತ್ತರವನ್ನೂ ಅವಲಂಬಿಸಿದೆ. ಹಾಗೆಯೇ ಕೆಲೊರಿಕ್ ಬಿಸಿ ಬಾಯ್ಲರಿನಿಂದ ತಣ್ಣನೆಯ ಕಂಡೆನ್ಸರಿಗೆ ‘ಬೀಳುವಾಗ’ ಯಂತ್ರ ನಡೆಯುತ್ತದೆ, ಸಿಗುವ ಕೆಲಸ ಆ ಎರಡು ತಾಪಮಾನಗಳ ನಡುವಿನ ಇಳಿತಕ್ಕೆ ತಕ್ಕಂತೆ ಇರುತ್ತದೆ. ಗಾಲಿಯ ಮೇಲೆ ಎಷ್ಟು ನೀರಿತ್ತೋ ಕೆಳಗೂ ಅಷ್ಟೇ ಇರುವಂತೆ, ಕೆಲೊರಿಕ್ ಕೂಡ ಬಂದಷ್ಟೇ ಹೋಗುತ್ತದೆ ಎಂದು ಅವನು ಎಣಿಸಿದ. ಈ ಕೊನೆಯ ಮಾತು ತಪ್ಪು. ಯಂತ್ರದಿಂದ ಹೊರಬೀಳುವ ಉಷ್ಣ ಒಳಬಂದದ್ದಕ್ಕಿಂತ ಕಡಿಮೆ, ಕಡಿಮೆಯಾದಷ್ಟು ಕೆಲಸವಾಗಿರುತ್ತದೆ. ಆದರೂ ಆದರ್ಶ ಯಂತ್ರದ ದಕ್ಷತೆ ಎರಡು ತಾಪಮಾನಗಳ ಮೇಲೆ ಮಾತ್ರ ನಿಂತಿದೆ, ಒಳಗೆ ಉಗಿ ಇದೆಯೋ ಗಾಳಿಯೋ ಎಂಬುದು ಲೆಕ್ಕಕ್ಕಿಲ್ಲ ಎಂಬ ಅವನ ತೀರ್ಮಾನ ಇವತ್ತಿಗೂ ಅಲುಗಾಡಿಲ್ಲ. ಜಲಪಾತದ ಸಮಾನಧರ್ಮ ‘ಇಳಿತ’. ಕಾರ್ನೊ ಅದನ್ನು ಸರಿಯಾಗಿ ಹಿಡಿದ, ಸಮಾನವಲ್ಲದ ‘ಪ್ರಮಾಣ’ವನ್ನೂ ಜೊತೆಗೇ ಎಳೆದುತಂದ. 1832ರಲ್ಲಿ ಕಾಲರಾ ಬಡಿದು ತೀರಿಕೊಂಡ. 1878ರಲ್ಲಿ ಅವನ ಟಿಪ್ಪಣಿಗಳು ಅಚ್ಚಾದಾಗ, ಕೆಲೊರಿಕ್‌ನ ಮೇಲಿನ ನಂಬಿಕೆಯನ್ನು ಅವನೇ ಕೈಬಿಟ್ಟಿದ್ದು ಗೊತ್ತಾಯಿತು. ತನ್ನ ರೂಪಕ ಎಲ್ಲಿ ಮುರಿಯುತ್ತದೆಂದು ಪತ್ತೆ ಹಚ್ಚಿದ್ದವನು ಅವನೇ!

ಜಲಪಾತವನ್ನು ಹೋಲಿಕೆಯಾಗಿ ಬಳಸದೆ ನಿಜವಾದ ಜಲಪಾತವಾಗಿ ನೋಡಿದವನು ಮ್ಯಾಂಚೆಸ್ಟರ್ ಕಡೆಯ ಜೇಮ್ಸ್ ಜೌಲ್. ಮದ್ಯ ತಯಾರಿಕೆಯ ಮನೆತನದವನು. ತೂಕದ ಕಲ್ಲು ಕೆಳಗಿಳಿಯುತ್ತ ನೀರಿನೊಳಗಿನ ಹುಟ್ಟುಗಳನ್ನು ತಿರುಗಿಸಿದರೆ ನೀರು ಎಷ್ಟು ಬಿಸಿಯಾಗುತ್ತದೆಂದು ಅಳೆಯುವುದರಲ್ಲಿ ವರ್ಷಗಟ್ಟಲೆ ಕಳೆದ. 1850ರಲ್ಲಿ ಅವನು ಕೊಟ್ಟ ಲೆಕ್ಕ: ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಮಾಡಲು 772 ಅಡಿ-ಪೌಂಡ್ ಕೆಲಸ ಬೇಕು. ಅದಕ್ಕೂ ಮೊದಲೇ, 1845ರಲ್ಲಿ, ನಯಾಗರದ ಬುಡದ ನೀರು ತಲೆಯ ನೀರಿಗಿಂತ ಐದನೇ ಒಂದು ಡಿಗ್ರಿ ಬೆಚ್ಚಗಿರಬೇಕೆಂದು ಬರೆದಿದ್ದ. 1847ರಲ್ಲಿ ಆಲ್ಪ್ಸ್ ಪರ್ವತದ ದಾರಿಯಲ್ಲಿ, ಹೊಸದಾಗಿ ಮದುವೆಯಾಗಿ ಹೆಂಡತಿಯೊಡನೆ ಪ್ರವಾಸ ಹೊರಟಿದ್ದ ಜೌಲ್ ಕೈಯಲ್ಲಿ ಉದ್ದನೆಯ ತಾಪಮಾಪಕ ಹಿಡಿದು ಜಲಪಾತ ಹುಡುಕುತ್ತಿದ್ದನೆಂದು ಭೌತವಿಜ್ಞಾನಿ ವಿಲಿಯಂ ಥಾಮ್ಸನ್ ಮುಂದೊಮ್ಮೆ ನೆನಪಿಸಿಕೊಂಡ. ಹೇಳುತ್ತ ಹೇಳುತ್ತ ಕಥೆಗೆ ಸ್ವಲ್ಪ ಬಣ್ಣ ಏರಿರಬಹುದು.

ಈ ಲೆಕ್ಕವನ್ನು ನಮ್ಮ ಜೋಗಕ್ಕೆ ಹಾಕಿ ನೋಡೋಣ. ಎತ್ತರ 253 ಮೀಟರ್. ಒಂದು ಲೀಟರ್ ನೀರು ಅಷ್ಟು ಕೆಳಗೆ ಬಿದ್ದರೆ ಸುಮಾರು 2,480 ಜೌಲ್. ಅಷ್ಟೂ ಆ ನೀರಿಗೇ ಬಿಸಿಯಾಗಿ ಸೇರಿದರೂ ತಾಪಮಾನ ಏರುವುದು 0.6 ಡಿಗ್ರಿ ಸೆಲ್ಸಿಯಸ್ ಮಾತ್ರ. ನಡುವೆ ತುಂತುರು ಆವಿಯಾಗಿ ಅದನ್ನೂ ತಿಂದುಹಾಕುತ್ತದೆ. ಇನ್ನೊಂದು ಕಡೆಯಿಂದ ನೋಡಿ. ನಮ್ಮ ವಿದ್ಯುತ್ ಬಿಲ್ಲಿನ ಒಂದು ಯೂನಿಟ್ ಎಂದರೆ 36 ಲಕ್ಷ ಜೌಲ್. ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರನ್ನು 22ರಿಂದ 65 ಡಿಗ್ರಿಗೆ ಕಾಯಿಸಲು ಒಂದು ಯೂನಿಟ್ ಬೇಕು. ಅದೇ ಒಂದು ಯೂನಿಟ್ಟನ್ನು ಬೀಳುವ ನೀರಿನಿಂದ ಪಡೆಯಬೇಕೆಂದರೆ, ಒಂದು ತೊಟ್ಟೂ ನಷ್ಟವಾಗದಿದ್ದರೂ, ಜೋಗದ ತಲೆಯಿಂದ 1,450 ಲೀಟರ್ ನೀರು ಬೀಳಬೇಕು. ಒಂದು ಬಕೆಟ್ ಸ್ನಾನದ ನೀರಿನ ಬಿಸಿಗೆ ಎಪ್ಪತ್ತಕ್ಕೂ ಹೆಚ್ಚು ಬಕೆಟ್ ಜಲಪಾತ! ಉಷ್ಣವೂ ಕೆಲಸವೂ ಒಂದೇ ಖಾತೆಗೆ ಸೇರಿದವು ಎಂಬುದು ಮನುಷ್ಯರಿಗೆ ಅಷ್ಟು ತಡವಾಗಿ ಹೊಳೆದದ್ದೇಕೆಂದು ಈ ಅಂಕಿಗಳೇ ಹೇಳುತ್ತವೆ. ಎತ್ತರ, ವೇಗಗಳ ಅಬ್ಬರ ದೊಡ್ಡದು, ಜೌಲ್ ಲೆಕ್ಕದಲ್ಲಿ ಮೊತ್ತ ಚಿಕ್ಕದು. ಮಕ್ಕಳಿಗೆ ‘ರೂಪಾಂತರ’ ಎಂಬ ಪದ ಬಾಯಿಪಾಠ ಮಾಡಿಸುವ ಮೊದಲು ಈ ಲೆಕ್ಕ ಮಾಡಿಸಬೇಕು.

ಇನ್ನು ಫೈನ್‌ಮನ್ ಅವರ ಮರದ ತುಂಡುಗಳು. 1961ರಲ್ಲಿ ಕ್ಯಾಲ್‌ಟೆಕ್‌ನಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ರಿಚರ್ಡ್ ಫೈನ್‌ಮನ್ ಭೌತಶಾಸ್ತ್ರ ಹೇಳತೊಡಗಿದರು. ಶಕ್ತಿ ಸಂರಕ್ಷಣೆಯ ಪಾಠಕ್ಕೆ ಅವರು ಒಂದು ತುಂಟ ಹುಡುಗನನ್ನು ಕರೆತಂದರು. ಅವನ ಬಳಿ ಒಡೆಯಲಾಗದ 28 ಮರದ ತುಂಡುಗಳಿವೆ. ತಾಯಿ ದಿನವೂ ಎಣಿಸುತ್ತಾಳೆ. ಒಂದು ದಿನ ಕಡಿಮೆ ಬಂದರೆ ಕಿಟಕಿಯಾಚೆ ಬಿದ್ದಿರುತ್ತದೆ. ಇನ್ನೊಂದು ದಿನ ಪೆಟ್ಟಿಗೆಯೊಳಗಿರುತ್ತದೆ, ತೆರೆಯಲು ಮಗ ಬಿಡುವುದಿಲ್ಲ, ತಾಯಿ ಪೆಟ್ಟಿಗೆಯನ್ನು ತೂಗಿ ಒಳಗೆಷ್ಟಿವೆಯೆಂದು ಲೆಕ್ಕ ಹಾಕುತ್ತಾಳೆ. ಮತ್ತೊಂದು ದಿನ ಸ್ನಾನದ ತೊಟ್ಟಿಯ ಕೊಳಕು ನೀರಿನಲ್ಲಿ ಮುಳುಗಿರುತ್ತವೆ, ನೀರಿನ ಮಟ್ಟ ಎಷ್ಟು ಏರಿದೆ ಎಂದು ನೋಡುತ್ತಾಳೆ. ಹೀಗೆ ಸೂತ್ರಕ್ಕೆ ಪದಗಳು ಸೇರುತ್ತ ಹೋಗುತ್ತವೆ, ಮೊತ್ತ ಮಾತ್ರ 28. ಇಷ್ಟು ಹೇಳಿ ಅವರು ತಾವೇ ಕಟ್ಟಿದ ಹೋಲಿಕೆಯನ್ನು ಮುರಿದರು: ಶಕ್ತಿಯ ವಿಷಯದಲ್ಲಿ ಆ ತುಂಡುಗಳೇ ಇಲ್ಲ, ಇರುವುದು ಪೆಟ್ಟಿಗೆಯ ತೂಕ, ನೀರಿನ ಮಟ್ಟ ಇಂಥ ಪದಗಳು ಮಾತ್ರ. ಶಕ್ತಿ ಎಂದರೇನೆಂದು ಭೌತಶಾಸ್ತ್ರಕ್ಕೇ ಗೊತ್ತಿಲ್ಲ ಎಂದೂ ಹೇಳಿದರು. ನಮ್ಮಲ್ಲಿ ಈ ಕಥೆಯನ್ನು ಹೇಳುವವರು ಬಹಳ. ಕೊನೆಯ ಭಾಗವನ್ನು ಬಿಟ್ಟು ಹೇಳುವವರೇ ಅವರಲ್ಲಿ ಹೆಚ್ಚು.

ಇಂಥ ಲೆಕ್ಕ ಭೌತಶಾಸ್ತ್ರದಲ್ಲಿ ಒಮ್ಮೆ ನಿಜವಾಗಿಯೂ ತಪ್ಪಿಹೋಯಿತು. ಕೆಲವು ಪರಮಾಣುಗಳ ಬೀಜದಿಂದ ಇಲೆಕ್ಟ್ರಾನ್ ಹೊರಬೀಳುವ ಬೀಟಾ ಕ್ಷಯದಲ್ಲಿ, ಇಲೆಕ್ಟ್ರಾನಿಗೆ ಪ್ರತಿಸಲವೂ ಒಂದೇ ಶಕ್ತಿ ಇರಬೇಕಿತ್ತು. 1914ರಲ್ಲಿ ಚಾಡ್‌ವಿಕ್ ಅಳೆದಾಗ ಹಾಗಿರಲಿಲ್ಲ. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ, ನಡುವಿನ ಎಲ್ಲ ಬೆಲೆಗಳೂ ಬಂದವು. ತುಂಡುಗಳು ಎಲ್ಲಿ ಹೋದವು? ನೀಲ್ಸ್ ಬೋರ್ ಅಂಥವರೇ ಪರಮಾಣು ಬೀಜದೊಳಗೆ ಶಕ್ತಿ ಸಂರಕ್ಷಣೆ ನಡೆಯದೇ ಇರಬಹುದು ಎನ್ನುವ ಹಂತಕ್ಕೆ ಬಂದರು. ವೂಲ್ಫ್‌ಗಾಂಗ್ ಪೌಲಿ ಒಪ್ಪಲಿಲ್ಲ. 1930ರ ಡಿಸೆಂಬರ್ 4ರಂದು, ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಸೇರಿದ್ದ ವಿಜ್ಞಾನಿಗಳಿಗೆ ಜ್ಯೂರಿಕ್‌ನಿಂದ ಕಾಗದ ಬರೆದು, ಯಾರ ಕಣ್ಣಿಗೂ ಬೀಳದ, ವಿದ್ಯುದಂಶವಿಲ್ಲದ ಒಂದು ಕಣ ಉಳಿದ ಶಕ್ತಿಯನ್ನು ಹೊತ್ತೊಯ್ಯುತ್ತಿರಬಹುದೆಂದು ಸೂಚಿಸಿದರು. ಸ್ವತಃ ಬರಲಾಗುತ್ತಿಲ್ಲ, ಇಲ್ಲೊಂದು ನೃತ್ಯಕೂಟವಿದೆ ಎಂದೂ ಬರೆದರು. ಮುಂದೆ ಫರ್ಮಿ 1934ರ ಸಿದ್ಧಾಂತದಲ್ಲಿ ಅದನ್ನು ನ್ಯೂಟ್ರಿನೊ ಎಂದು ಕರೆದು ಗಣಿತಕ್ಕೆ ಕೂರಿಸಿದರು. 1956ರಲ್ಲಿ ರೈನಸ್ ಮತ್ತು ಕೋವನ್ ಅಮೆರಿಕದ ಅಣುಸ್ಥಾವರವೊಂದರ ಪಕ್ಕದಲ್ಲಿ ಅದನ್ನು ಹಿಡಿದರು. ಕಿಟಕಿಯಾಚೆ ಬಿದ್ದ ತುಂಡು ಇಪ್ಪತ್ತೈದು ವರ್ಷಗಳ ಮೇಲೆ ಸಿಕ್ಕಿತು.

ಇದರ ಮುಂದಿನ ಅಂಕ ನಡೆದದ್ದು ನಮ್ಮ ನೆಲದಲ್ಲಿ, ನೆಲದ ಅಡಿಯಲ್ಲಿ. ವಾತಾವರಣದಲ್ಲಿ ವಿಶ್ವಕಿರಣಗಳು ಬಡಿದು ಹುಟ್ಟುವ ನ್ಯೂಟ್ರಿನೊಗಳನ್ನು 1965ರಲ್ಲಿ ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್‌ನಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಗುರುತಿಸಲಾಯಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕ, ಇಂಗ್ಲೆಂಡಿನ ಡರಮ್ ತಂಡಗಳು ಸೇರಿ ಮಾಡಿದ ಕೆಲಸ ಅದು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ರೈನಸ್ ಅವರ ತಂಡಕ್ಕೂ ಇಂಥವೇ ಸಿಕ್ಕವು. ಕೋಲಾರದ ಗಣಿಗೆ 1902ರಿಂದ ವಿದ್ಯುತ್ ಬರುತ್ತಿದ್ದದ್ದು ಸುಮಾರು 147 ಕಿಲೋಮೀಟರ್ ದೂರದ ಶಿವನಸಮುದ್ರದಿಂದ, ಕಾವೇರಿ ಬೀಳುವ ಇಳಿತದಿಂದ. ಶಕ್ತಿಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಊರು ನನಗೆ ಗೊತ್ತಿಲ್ಲ. ನಮ್ಮ ಪಠ್ಯದ ಶಕ್ತಿಯ ಅಧ್ಯಾಯದಲ್ಲಿ ಆ ಊರಿನ ಹೆಸರಿರಬೇಕು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಪೌಲಿಯನ್ನು ದಾರಿಗೆ ಹಚ್ಚಿದ್ದು ‘ಶಕ್ತಿ ಒಂದು ಸಾಮಗ್ರಿ, ಎಲ್ಲೋ ಇರಲೇಬೇಕು’ ಎಂಬ ರೂಪಕವೇ. ಆದ್ದರಿಂದ ಸಾಮಗ್ರಿಯ ರೂಪಕವನ್ನು ತರಗತಿಯಿಂದ ಗಡೀಪಾರು ಮಾಡಬೇಕೆನ್ನುವ ಶುದ್ಧವಾದಿಗಳ ಜೊತೆ ನಾನಿಲ್ಲ. ಅಮೆರಿಕದ ಸಿಯಾಟಲ್ ಪೆಸಿಫಿಕ್ ವಿಶ್ವವಿದ್ಯಾಲಯದವರು ಈ ರೂಪಕವನ್ನೇ ಆಟವಾಗಿಸಿದ್ದಾರೆ. ಪ್ರತಿ ವಿದ್ಯಾರ್ಥಿಯೂ ಶಕ್ತಿಯ ಒಂದೊಂದು ಪಾಲು. ನೆಲದ ಮೇಲೆ ಹಗ್ಗದಿಂದ ಸುತ್ತುವರಿದ ಜಾಗಗಳೇ ವಸ್ತುಗಳು: ಇದು ಬಲ್ಬಿನ ತಂತಿ, ಇದು ಸುತ್ತಲಿನ ಗಾಳಿ. ಕೈಸನ್ನೆಯಿಂದ ತಾನು ಯಾವ ಬಗೆಯ ಶಕ್ತಿ ಎಂದು ತೋರಿಸುತ್ತ ಒಂದು ವರ್ತುಲದಿಂದ ಇನ್ನೊಂದಕ್ಕೆ ನಡೆಯಬೇಕು. ಯಾರೂ ಮಾಯವಾಗುವಂತಿಲ್ಲ, ಹೊಸಬರು ನುಸುಳುವಂತಿಲ್ಲ. ಸಂರಕ್ಷಣೆ ಕಾಲಿಗೇ ಅರ್ಥವಾಗಿಬಿಡುತ್ತದೆ! ಖರ್ಚಿಲ್ಲದ ಆಟ, ನಮ್ಮ ಯಾವ ಶಾಲೆಯ ಅಂಗಳದಲ್ಲೂ ಆಡಿಸಬಹುದು. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಫ್ರೀಡ್ರಿಕ್ ಹರ್ಮನ್ ಮತ್ತು ಸಂಗಡಿಗರು ಇದನ್ನು ಇನ್ನೂ ಮುಂದಕ್ಕೆ ಒಯ್ದು, ಶಕ್ತಿಗೆ ‘ರೂಪ’ಗಳೇ ಇಲ್ಲ, ಅದನ್ನು ಹೊತ್ತು ತರುವ ವಾಹಕಗಳಷ್ಟೇ ಇವೆ ಎಂದು ಇಡೀ ಪಠ್ಯಕ್ರಮವನ್ನೇ ಕಟ್ಟಿದರು. ಜರ್ಮನ್ ಭೌತಶಾಸ್ತ್ರ ಸಂಘ 2013ರಲ್ಲಿ ಅದನ್ನು ಶಾಲೆಗಳಲ್ಲಿ ಬಳಸಬೇಡಿ ಎಂದಿತು, ದೊಡ್ಡ ಜಗಳವೇ ಆಯಿತು. ಒಂದೇ ರೂಪಕದ ಮೇಲೆ ಪೂರ್ತಿ ಮನೆ ಕಟ್ಟಿದ್ದು ಅವರ ದೋಷವೆಂದು ನನಗನ್ನಿಸುತ್ತದೆ, ರೂಪಕ ಬಳಸಿದ್ದು ಅಲ್ಲ.

ಸಾಮಗ್ರಿಯ ರೂಪಕ ಎಲ್ಲಿ ಮುರಿಯುತ್ತದೆಂದು ನೋಡಲು ಶರಾವತಿಯ ದಂಡೆಗೆ ಬನ್ನಿ. ಮಳೆಗಾಲ ಬಂದರೆ ಪತ್ರಿಕೆಗಳಲ್ಲಿ ಲಿಂಗನಮಕ್ಕಿ ಜಲಾಶಯದ ಮಟ್ಟ ಬರುತ್ತದೆ. ತುಂಬಿದರೆ 1,819 ಅಡಿ. ಈಗಿರುವ ನೀರಿನಿಂದ ಇಷ್ಟು ಯೂನಿಟ್ ವಿದ್ಯುತ್ ಸಿಗುತ್ತದೆ ಎಂಬ ಲೆಕ್ಕವೂ ಬರುತ್ತದೆ. ಓದುವವನಿಗೆ ನೀರಿನೊಳಗೇ ಯೂನಿಟ್ಟುಗಳು ಈಜುತ್ತಿರುವಂತೆ ಅನಿಸಬೇಕು. ಅದೇ ನೀರು ಅಣೆಕಟ್ಟೆಯ ಬುಡದಲ್ಲಿ ಒಮ್ಮೆ, ತಳಕಳಲೆಯ ಮೂಲಕ ಇಳಿದು ಶರಾವತಿ ವಿದ್ಯುದಾಗಾರದಲ್ಲಿ ಇನ್ನೊಮ್ಮೆ, ಗೇರುಸೊಪ್ಪೆಯಲ್ಲಿ ಮತ್ತೊಮ್ಮೆ ಟರ್ಬೈನು ತಿರುಗಿಸುತ್ತದೆ. ಮೇಲಿನ ವಿದ್ಯುದಾಗಾರದ ಪಾಲಿಗೆ ಶಕ್ತಿಯೆಲ್ಲ ಮುಗಿದ ನೀರು ಗೇರುಸೊಪ್ಪೆಗೆ 240 ಮೆಗಾವಾಟಿನ ಮೂಲ. ಹೊನ್ನಾವರದಲ್ಲಿ ಸಮುದ್ರ ಸೇರಿದ ಮೇಲೂ ನೀರು ನೀರೇ, ಒಂದು ಹನಿಯೂ ಕಡಿಮೆಯಾಗಿಲ್ಲ. ಹಾಗಾದರೆ ಶಕ್ತಿ ಎಲ್ಲಿತ್ತು? ನೀರಿನೊಳಗಿರಲಿಲ್ಲ. ನೀರು ಮತ್ತು ಭೂಮಿ ಎರಡರ ನಡುವಿನ ಅಂತರದ ಲೆಕ್ಕವಾಗಿತ್ತು. ಸೊನ್ನೆಯನ್ನು ಎಲ್ಲಿ ಇಟ್ಟುಕೊಳ್ಳುತ್ತೀರಿ ಎಂಬುದರ ಮೇಲೆ ಅಂಕಿ ನಿಂತಿದೆ. ಯಾವ ಸಾಮಗ್ರಿಗೂ ಈ ಗುಣವಿಲ್ಲ. ಮೂಟೆಯಲ್ಲಿ ಅಕ್ಕಿ ಎಷ್ಟಿದೆ ಎಂಬುದು ನೀವು ಎಲ್ಲಿ ನಿಂತು ನೋಡುತ್ತೀರಿ ಎಂಬುದರಿಂದ ಬದಲಾಗುವುದಿಲ್ಲ.

ಸೊನ್ನೆಗಿಂತ ಕೆಳಗಿನ ಶಕ್ತಿ ಬಂದಾಗಲಂತೂ ಸಾಮಗ್ರಿಯ ರೂಪಕ ಪೂರ್ತಿ ಕೈಚೆಲ್ಲುತ್ತದೆ. ಪಿಯುಸಿಯಲ್ಲಿ ಹೈಡ್ರೊಜನ್ ಪರಮಾಣುವಿನ ಇಲೆಕ್ಟ್ರಾನಿನ ಶಕ್ತಿ ಮೈನಸ್ 13.6 ಇಲೆಕ್ಟ್ರಾನ್‌ವೋಲ್ಟ್ ಎಂದು ಬರೆಸುತ್ತೇವೆ. ಮೈನಸ್ ಹದಿಮೂರು ತುಂಡುಗಳನ್ನು ಯಾವ ಪೆಟ್ಟಿಗೆಯಲ್ಲಿಡುವುದು? ಇಲ್ಲಿ ದುಡ್ಡಿನ ರೂಪಕ ಕೈಹಿಡಿಯುತ್ತದೆ, ಏಕೆಂದರೆ ಸಾಲ ಎಂದರೇನೆಂದು ಮಕ್ಕಳಿಗೆ ಗೊತ್ತು. ಭೂಮಿಯ ಮೇಲೆ ಬಿದ್ದಿರುವ ಒಂದು ಕಿಲೋ ಕಲ್ಲು ಗುರುತ್ವಕ್ಕೆ ಸುಮಾರು 6.25 ಕೋಟಿ ಜೌಲ್ ಬಾಕಿ. ಅಷ್ಟನ್ನು, ಎಂದರೆ ಹದಿನೇಳು ಯೂನಿಟ್ಟಿನಷ್ಟನ್ನು ತೀರಿಸಿದರೆ ಮಾತ್ರ ಅದು ಭೂಮಿಯ ಹಿಡಿತದಿಂದ ಪೂರ್ತಿ ಬಿಡಿಸಿಕೊಳ್ಳಬಲ್ಲದು. ಇಲೆಕ್ಟ್ರಾನಿನದೂ ಇದೇ ಕಥೆ.

ರಸಾಯನಶಾಸ್ತ್ರ, ಜೀವಶಾಸ್ತ್ರಗಳ ದೊಡ್ಡದೊಂದು ಗೊಂದಲ ಸಾಲದ ಈ ರೂಪಕದಿಂದ ಬಗೆಹರಿಯುತ್ತದೆ. ‘ಎಟಿಪಿ ಅಣುವಿನ ಬಂಧದಲ್ಲಿ ಶಕ್ತಿ ಅಡಗಿದೆ, ಬಂಧ ಮುರಿದಾಗ ಬಿಡುಗಡೆಯಾಗುತ್ತದೆ’ ಎಂದು ಜೀವಶಾಸ್ತ್ರದ ಮೇಷ್ಟ್ರು ಹೇಳುತ್ತಾರೆ. 1941ರಲ್ಲಿ ಫ್ರಿಟ್ಸ್ ಲಿಪ್‌ಮನ್ ಈ ಬಂಧಗಳಿಗೆ ಒಂದು ಅಲೆಗೆರೆಯ ಗುರುತು ಕೊಟ್ಟ ಮೇಲಂತೂ ಅದು ಒತ್ತಿ ಹಿಡಿದ ಸ್ಪ್ರಿಂಗಿನಂತೆಯೇ ಎಲ್ಲರ ಕಣ್ಣಿಗೆ ಕಂಡಿತು. ಮುಂದಿನ ಪೀರಿಯಡ್ಡಿನಲ್ಲಿ ರಸಾಯನಶಾಸ್ತ್ರದ ಮೇಡಂ ಬಂದು, ಯಾವ ಬಂಧವನ್ನು ಮುರಿಯಲೂ ಶಕ್ತಿ ಕೊಡಬೇಕು ಎನ್ನುತ್ತಾರೆ. ಹುಡುಗಿ ಎರಡನ್ನೂ ಬರೆದುಕೊಳ್ಳುತ್ತಾಳೆ, ಎರಡಕ್ಕೂ ಅಂಕ ಪಡೆಯುತ್ತಾಳೆ. ಜಲಜನಕ ಉರಿದು ನೀರಾಗುವ ಲೆಕ್ಕ ನೋಡಿ. ಎರಡು ಮೋಲ್ ಜಲಜನಕದ ಬಂಧ ಮುರಿಯಲು 872 ಕಿಲೋಜೌಲ್, ಒಂದು ಮೋಲ್ ಆಮ್ಲಜನಕದ್ದಕ್ಕೆ 498, ಒಟ್ಟು 1,370 ಖರ್ಚು. ಎರಡು ಮೋಲ್ ನೀರಿನ ನಾಲ್ಕು ಮೋಲ್ ಬಂಧಗಳು ಕೂಡಿಕೊಂಡಾಗ ಸುಮಾರು 1,850 ವಾಪಸು. ಮಿಕ್ಕ 480 ಕಿಲೋಜೌಲ್ ನಮಗೆ ಕಾಣುವ ಜ್ವಾಲೆ. ಶಕ್ತಿ ಬಂದದ್ದು ಮುರಿದದ್ದರಿಂದಲ್ಲ, ಹೆಚ್ಚು ಗಟ್ಟಿಯಾಗಿ ಕೂಡಿಕೊಂಡದ್ದರಿಂದ. ಪರಮಾಣುಗಳು ಇನ್ನೂ ಆಳವಾದ ಸಾಲಕ್ಕೆ ಇಳಿದವು, ಆ ಸಾಲದ ಹಣ ನಮ್ಮ ಕೈಗೆ ಬಂತು. ಅಡುಗೆ ಮನೆಯ ಸಿಲಿಂಡರಿನಲ್ಲಿ ಶಕ್ತಿ ‘ತುಂಬಿದೆ’ ಎನ್ನುವುದೂ ಅರ್ಧ ಮಾತೇ. ಕೋಣೆಯ ಆಮ್ಲಜನಕವಿಲ್ಲದೆ ಆ ಅನಿಲ ಒಂದು ಲೋಟ ನೀರನ್ನೂ ಕಾಯಿಸಲಾರದು.

ದುಡ್ಡಿನ ರೂಪಕವೂ ಅಮರವಲ್ಲ. ತರಗತಿಯಲ್ಲಿ ಒಬ್ಬ ಚುರುಕು ಹುಡುಗಿ ಎದ್ದು ನಿಂತು, ‘ಶಕ್ತಿಯನ್ನು ನಾಶಮಾಡಲು ಸಾಧ್ಯವೇ ಇಲ್ಲವೆಂದರೆ, ದೀಪ ಆರಿಸಿ, ಶಕ್ತಿ ಉಳಿಸಿ ಎಂದು ಗೋಡೆಯ ಮೇಲೆ ಯಾಕೆ ಬರೆದಿದ್ದಾರೆ ಸಾರ್?’ ಎಂದು ಕೇಳಿದ ದಿನ ಅದು ಮುರಿಯುತ್ತದೆ. ನಿಮ್ಮ ಸ್ನಾನದ ಬಕೆಟ್ಟಿನ ಒಂದು ಯೂನಿಟ್ ಚರಂಡಿ ಸೇರಿ, ಮಣ್ಣನ್ನೂ ಗಾಳಿಯನ್ನೂ ಕೂದಲೆಳೆಯಷ್ಟು ಬೆಚ್ಚಗೆ ಮಾಡಿ ಕೂತಿದೆ. 36 ಲಕ್ಷ ಜೌಲಿನಲ್ಲಿ ಒಂದೂ ಕಳೆದಿಲ್ಲ, ಒಂದೂ ಕೈಗೆ ಸಿಗುವುದಿಲ್ಲ. ಚಿಲ್ಲರೆಯಾದ ನೋಟನ್ನು ಮತ್ತೆ ನೋಟು ಮಾಡಿಸಬಹುದು, ಇದನ್ನು ಹಾಗೆ ಮಾಡಿಸಲಾಗದು. ಇದಕ್ಕೆ ಇನ್ನೊಂದು ಲೆಕ್ಕವೇ ಬೇಕು, ಭೌತವಿಜ್ಞಾನಿ ಕ್ಲಾಸಿಯಸ್ 1865ರಲ್ಲಿ ಎಂಟ್ರೊಪಿ ಎಂದು ಹೆಸರಿಟ್ಟದ್ದು ಆ ಲೆಕ್ಕಕ್ಕೆ. ಹೈಸ್ಕೂಲಿನಲ್ಲಿ ಆ ಹೆಸರು ಬೇಡ. ಆದರೆ ಹುಡುಗಿಯ ಪ್ರಶ್ನೆಗೆ ‘ಅದು ಬೇರೆ, ಇದು ಬೇರೆ’ ಎಂದು ಹೇಳಿ ಕೂರಿಸಬೇಡಿ. ಇಳಿತ ಮುಗಿದ ಮೇಲೆ ನೀರಿದ್ದೂ ಗಾಲಿ ತಿರುಗದು ಎಂಬ ಕಾರ್ನೊನ ಜಲಪಾತವನ್ನು ಅಲ್ಲಿ ಮತ್ತೆ ಕರೆಯಿರಿ. ಒಂದು ಕಡೆ ಮುರಿದ ರೂಪಕ ಇನ್ನೊಂದು ಕಡೆ ಊರುಗೋಲಾಗುತ್ತದೆ.

ಮಕ್ಕಳ ತಲೆಯಲ್ಲಿ ಶಕ್ತಿಯ ಬಗ್ಗೆ ಏನೇನಿದೆ ಎಂದು ಇಂಗ್ಲೆಂಡಿನಲ್ಲಿ ಮೈಕ್ ವಾಟ್ಸ್ ವಿಚಾರಿಸಿ, 1983ರಲ್ಲಿ ಏಳು ಬಗೆಯ ಕಲ್ಪನೆಗಳನ್ನು ಪಟ್ಟಿ ಮಾಡಿದರು. ಮನುಷ್ಯರ ಹುರುಪು, ಎಲ್ಲೋ ಕೂಡಿಟ್ಟ ಗಂಟು, ಹರಿಯುವ ದ್ರವ, ಇಂಥವು. ಅವನ್ನು ಅಳಿಸಿ ಹೊಸದನ್ನು ಬರೆಯುವುದು ಪಾಠವೆಂದು ಆಗ ಬಹಳ ಜನ ತಿಳಿದಿದ್ದರು. ಈಚಿನ ಸಂಶೋಧಕರಲ್ಲಿ ಕೆಲವರು ಬೇರೆ ಮಾತು ಹೇಳುತ್ತಾರೆ: ನುರಿತ ಭೌತವಿಜ್ಞಾನಿಯೂ ಒಂದೇ ಉಸಿರಿನಲ್ಲಿ ಶಕ್ತಿಯನ್ನು ಸಾಮಗ್ರಿಯೆಂದೂ ಮಟ್ಟವೆಂದೂ ಮಾತಾಡುತ್ತಾನೆ, ಯಾವಾಗ ಯಾವುದು ಸಲ್ಲುತ್ತದೆಂದು ಅವನಿಗೆ ಗೊತ್ತು ಅಷ್ಟೇ. ನನಗೆ ಈ ಮಾತು ಹಿಡಿಸುತ್ತದೆ.

ಕೊನೆಗೆ, ಪಠ್ಯಪುಸ್ತಕ ಬರೆಯುವವರಲ್ಲಿ, ಪ್ರಶ್ನೆಪತ್ರಿಕೆ ತಯಾರಿಸುವವರಲ್ಲಿ ಒಂದು ವಿನಂತಿ. ಶಕ್ತಿಯ ಅಧ್ಯಾಯದಲ್ಲಿ ಬರುವ ಪ್ರತಿ ಹೋಲಿಕೆಯ ಕೆಳಗೆ, ಅದು ಎಲ್ಲಿ ಸಲ್ಲದು ಎಂಬ ಒಂದು ಸಾಲು ಅಚ್ಚಾಗಲಿ. ‘ಶಕ್ತಿ ಎಂದರೇನು?’ ಎಂಬ ಒಂದು ಅಂಕದ ಪ್ರಶ್ನೆಯನ್ನು ತೆಗೆದುಹಾಕಿ. ಅದರ ಜಾಗದಲ್ಲಿ ‘ಅಣೆಕಟ್ಟೆಯ ನೀರಿನಲ್ಲಿ ಶಕ್ತಿ ಸಂಗ್ರಹವಾಗಿದೆ: ಈ ಹೋಲಿಕೆಯ ಸಮಾನಧರ್ಮ ಒಂದನ್ನು, ಸಮಾನವಲ್ಲದ ಧರ್ಮ ಒಂದನ್ನು ಬರೆಯಿರಿ’ ಎಂದು ಎರಡು ಅಂಕಕ್ಕೆ ಕೇಳಿ. ಉತ್ತರ ತಿದ್ದುವುದು ಸ್ವಲ್ಪ ಕಷ್ಟವಾದೀತು. ಆ ಕಷ್ಟವನ್ನು ಅಧ್ಯಾಪಕರು ಹೊರಲು ಸಿದ್ಧರಿದ್ದಾರೆಂದು ನಾನು ನಂಬಿದ್ದೇನೆ.